ಮೂರು ಅರ್ಜಿಯ ವೀರಭದ್ರ

ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮಂಡಿಗೆ ಗುಮಾಸ್ತರು ಬೇಕೆಂಬ ಸುದ್ದಿ ಕೇಳಿದಾಗಿನಿಂದ ಹಾರನಹಳ್ಳಿಯ ವೀರಭದ್ರನಿಗೆ ಊಟ ಸೇರಲಿಲ್ಲ. ಕೆಲಸವಿಲ್ಲದವನಿಗೆ ಮಗಳು ನೀಲಾಂಬಿಕೆಯನ್ನು ಕೊಡುವುದಿಲ್ಲವೆಂದು ಪುಟ್ಟಮಲ್ಲಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಬೆಳಗಾಗುತ್ತಲೇ ಅರ್ಜಿ ಬರೆಯಲು ಕೂತ. ಹೆಸರು, ಇಪ್ಪತ್ತೆರಡು ವರ್ಷ, ಮಿಡ್ಲ್ ಸ್ಕೂಲ್ ಪಾಸು. ನಾಲ್ಕು ಸಾಲಿಗೆ ಮುಗಿದುಹೋಯಿತು. ತನ್ನ ಬದುಕು ಇಷ್ಟೇನೇ ಎಂದು ಅವನಿಗೇ ಬೇಸರವಾಯಿತು.

ಅಂಗಡಿ ಗುರುಮಲ್ಲಪ್ಪ ಅದನ್ನು ಓದಿ ಮುಖ ಸಿಂಡರಿಸಿದರು. "ಇದೇನಯ್ಯ, ತಿಥಿ ಕಾರ್ಡ್ ಇದ್ದಂಗದೆ. ವಯಸ್ಸು ಮೂವತ್ತು ಅಂತ ಹಾಕು. ಎಲ್ಡು ಮಕ್ಕಳವೆ ಅಂತ ಬರಿ. ಜವಾಬ್ದಾರಿ ಇರೋನು ಅಂತ ನಂಬ್ತಾರೆ."

ಎರಡನೆಯ ಅರ್ಜಿ ತಯಾರಾಯಿತು. ದರ್ಜಿ ನಂಜಣ್ಣ ಎರಡನ್ನೂ ಮೆಷಿನ್ನಿನ ಮೇಲೆ ಪಕ್ಕಪಕ್ಕ ಇಟ್ಟು, ಜೇಬು ಎಲ್ಲಿ ಇಡಲಿ ಎಂದು ಯೋಚಿಸುವವನಂತೆ ನೋಡಿದ. "ಮಕ್ಕಳ್ ತೆಗಿಲಾ. ಇಂಗ್ಲಿಷು, ತೆಲುಗು, ಮಲಯಾಳ ಬತ್ತದೆ ಅಂತ ಸೇರ್ಸು. ಕುಸ್ತಿನೂ ಇರ್ಲಿ. ಮೂಟೆ ಕದಿಯೋರು ಎದ್ರುಕೋತಾರೆ."

ವೀರಭದ್ರನ ಮೈಯೋ ಒಣಗಿದ ಹೊಗೆಸೊಪ್ಪಿನ ಕಡ್ಡಿಯಂತಿತ್ತು. ಆದರೂ ಒಪ್ಪಿದ. ಮೂರನೆಯದರ ಅಕ್ಷರವಾದರೂ ಚೆನ್ನಾಗಿರಲೆಂದು ಹಳೆಯ ಎರಡನ್ನೂ ಹಿಡಿದುಕೊಂಡು ನೀಲಾಂಬಿಕೆಯ ಹಿತ್ತಿಲಿಗೆ ಹೋದ. ಅವಳು ಬೇಲಿಯೊಳಗೆ ಕೂತು ಬರೆದಳು. ಇವನು ಬೇಲಿಯಾಚೆ ನಿಂತು ಹೇಳಿದ. ಅವಳ ಬೆರಳು ತನ್ನ ಹೆಸರನ್ನು ತಿದ್ದಿ ತೀಡುವುದನ್ನು ನೋಡುತ್ತ ನಿಂತವನಿಗೆ ಈ ಅರ್ಜಿ ಮುಗಿಯಲೇಬಾರದು ಎನಿಸಿತು.

"ಕುಸ್ತಿ ಬತ್ತದಾ ನಿಮ್ಗೆ?" ಎಂದಳು, ತಲೆಯೆತ್ತದೆ.

"ಕಲ್ತ್ಕೋತೀನಿ."

"ಬೇಗ ಕೆಲ್ಸ ಮಾಡ್ಕೊಂಡು ಬನ್ನಿ." ಹಾಳೆಗಳನ್ನೆಲ್ಲ ಒಟ್ಟಿಗೆ ಮಡಿಸಿ ಕೊಟ್ಟಳು. ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ವೀರಭದ್ರ ಬಿಚ್ಚಿ ನೋಡಲಿಲ್ಲ.

ಬಿಚ್ಚಿದವರು ಮಂಡಿ ಸಾಹುಕಾರ ರುದ್ರಸ್ವಾಮಿ. ಮೂರನ್ನೂ ಮೇಜಿನ ಮೇಲೆ ಹರಡಿ ಓದಿದರು. "ಒಬ್ಬ ಹುಡುಗ, ಒಬ್ಬ ಎಲ್ಡು ಮಕ್ಕಳ ತಂದೆ, ಒಬ್ಬ ಪೈಲ್ವಾನ. ಇದ್ರಲ್ಲಿ ನೀನ್ಯಾವನಯ್ಯ?"

ವೀರಭದ್ರ ಮೊದಲನೆಯದರ ಮೇಲೆ ಬೆರಳಿಟ್ಟ. ರುದ್ರಸ್ವಾಮಿ ಎರಡನ್ನು ಹಿಂದಕ್ಕೆ ತಳ್ಳಿದರು. ಮೂರನೆಯದನ್ನು ಮಾತ್ರ ಕೈಗೆತ್ತಿಕೊಂಡರು. "ಈ ಅಕ್ಷರ ಯಾರ್ದು? ಮುತ್ತು ಪೋಣಿಸ್ದಂಗದೆ."

ಸುಳ್ಳು ಸಾಕಾಗಿತ್ತು. "ನಮ್ಮೂರ ಪುಟ್ಟಮಲ್ಲಪ್ಪನೋರ ಮಗಳದು" ಎಂದ. ಅವಳ ಮಾತು ಬಂದದ್ದೇ ನಾಲಿಗೆಗೆ ಹಿಡಿತ ತಪ್ಪಿತು. ಅವಳ ಗುಣ, ಕೈರುಚಿ, ಲೆಕ್ಕದ ಚುರುಕು, ನಗುವಾಗ ಮುಖ ತಿರುಗಿಸಿಕೊಳ್ಳುವುದು, ಎಲ್ಲ ಹೇಳಿದ. ತನ್ನ ಬಗ್ಗೆ ಮೂರು ಹಾಳೆಯಲ್ಲೂ ಅಷ್ಟು ಬರೆದಿರಲಿಲ್ಲ.

ರುದ್ರಸ್ವಾಮಿ ಕೊನೆಯವರೆಗೂ ಕೇಳಿದರು. "ಕೆಲ್ಸ ಕೊಡಕ್ಕಾಗಲ್ಲ ಕಣಯ್ಯ. ಒಂದುಪಕಾರ ಮಾಡು, ಅವ್ರ ಮನೆ ತೋರ್ಸು. ಪುಟ್ಟಮಲ್ಲಪ್ಪ ನಮ್ಮ ಪೈಕಿಯೋರೇ ಅಲ್ವಾ? ನಮ್ಮುಡುಗನಿಗೆ ಹೆಣ್ಣು ನೋಡ್ತಿದ್ದೀವಿ."

ಸಂಜೆ ಸಾಹುಕಾರರ ಜೀಪು, ಹಿಂದೆ ಅವರನ್ನೂ ಅವರ ಮಗನನ್ನೂ ಕೂರಿಸಿಕೊಂಡು, ಹಾರನಹಳ್ಳಿಗೆ ತಿರುಗಿತು. ದಾರಿ ತೋರಿಸಲು ಮುಂದೆ ಕೂತಿದ್ದ ವೀರಭದ್ರನಿಗೆ ಗುರುಮಲ್ಲಪ್ಪ ಅಂಗಡಿಯಿಂದ ಎದ್ದು ಕೈಮುಗಿದರು. ಬೇರೆ ಬೀದಿ ತೋರಿಸಿಬಿಡಲೇ ಎನಿಸಿತು. ಇದ್ದದ್ದು ಒಂದೇ ಬೀದಿ.

ನೀಲಾಂಬಿಕೆ ಬಾಗಿಲಿಗೆ ಬಂದಳು. ಜೀಪಿನಲ್ಲಿ ವೀರಭದ್ರ, ಹಿಂದೆ ದೊಡ್ಡ ಮನುಷ್ಯರು. ಅವನಿಗೆ ಕೆಲಸ ಸಿಕ್ಕಿದೆ, ಅವನ ಪರವಾಗಿ ಕೇಳಲು ಸಾಹುಕಾರರೇ ಬಂದಿದ್ದಾರೆ ಎಂದುಕೊಂಡಳು. ಮುಖ ಅರಳಿಸಿಕೊಂಡು ಒಳಗೆ ಓಡಿದಳು.

"ಅಪ್ಪಾಜಿ, ಬಂದ್ರು. ನೀವೇನೂ ಕೇಳಕ್ಕೋಗ್ಬೇಡಿ, ಹೂಂ ಅಂದ್ಬುಡಿ."

ಮಾತು ಜೀಪಿನವರೆಗೂ ಕೇಳಿಸಿತು. ರುದ್ರಸ್ವಾಮಿ ಮಗನ ಬೆನ್ನು ತಟ್ಟಿದರು.