ಮಾವನವರ ತಿದಿಪೆಟ್ಟಿಗೆಯ ಪೂರ್ವಾಪರ

"ಈ ಭೂಮಿಯ ಮೇಲೆ ಹುಟ್ಟುಮೂಲ ಸಿಗದ ವಸ್ತು ಅಂತ ಒಂದಿದ್ರೆ ತಂದು ನನ್ನ ಮೇಜಿನ ಮೇಲಿಡಿ. ವಾರದೊಳಗೆ ಅದರ ವಂಶಾವಳಿ ಬರೆದು ಕೊಡದಿದ್ರೆ ನನ್ನ ಹೆಸರು ಬದಲಾಯಿಸಿ," ಎಂದು ಸಾರಿದರು ದಾಖಲೆರಾಯರು.

ಆ ಶ್ರಮ ಯಾರಿಗೂ ಬೇಕಿರಲಿಲ್ಲ. ಹೆಸರನ್ನು ಜನ ಆಗಲೇ ಬದಲಾಯಿಸಿದ್ದರು. ನೀರು ಸರಬರಾಜು ಕಚೇರಿಯ ಹಳೇ ಕಡತಗಳ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು, ಬಂದವರಿಗೆಲ್ಲ "ದಾಖಲೆ ಎಲ್ಲಿ?" ಎಂದು ಕೇಳಿ ಕೇಳಿ ಗಳಿಸಿಕೊಂಡ ಬಿರುದದು. ಹೆಂಡತಿ ಹಲ್ಲು ನೋವು ಅಂದರೂ ವೈದ್ಯರ ಚೀಟಿ ನೋಡದೆ ಅಯ್ಯೋ ಅನ್ನದ ಆಸಾಮಿ.

ಈ ಸಲ ಮೇಜಿಗೆ ಬಂದದ್ದು ಮಾವನವರ ಕನ್ಸರ್ಟಿನಾ. ಎರಡು ಕಡೆ ಆರು ಮೂಲೆಯ ಮರದ ಹಲಗೆ, ಹಲಗೆಯ ತುಂಬ ಮೂಳೆಯ ಗುಂಡಿಗಳು, ನಡುವೆ ಮಡಿಕೆ ಮಡಿಕೆಯಾದ ಚರ್ಮದ ತಿದಿ. ಎಳೆದರೂ ಹಾಡು, ಒತ್ತಿದರೂ ಹಾಡು. ಬೇರೆಯವರ ಕನ್ಸರ್ಟಿನಾ ಎರಡು ಅಂಗೈಯೊಳಗೆ ಅಡಗುತ್ತದೆ; ಇದು ಮಾತ್ರ ವರ್ಷದ ಕೂಸಿನಷ್ಟು ತೂಕ. ತೊಡೆಯ ಮೇಲೆ ಕೂರಿಸಿಕೊಂಡೇ ನುಡಿಸಬೇಕು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ತಿದಿಪೆಟ್ಟಿಗೆ.

ಅದರ ಒಡೆಯರು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಈ ತಿಂಗಳು ದಾಟಿದರೆ ಹೆಚ್ಚು ಎಂದು ವೈದ್ಯರು ಹೇಳಿಹೋಗಿದ್ದರು. ಮುದುಕರಿಗೆ ಉಳಿದಿದ್ದದ್ದು ಒಂದೇ ಆಸೆ: ಮಗಳಿಗೆ ಎಂಟು ವರ್ಷವಿದ್ದಾಗ ತಾವೇ ಕಲಿಸಿದ ಒಂದೇ ಒಂದು ಹಾಡನ್ನು ಈ ಪೆಟ್ಟಿಗೆಯಲ್ಲಿ ಅವಳ ಕೈಯಿಂದ ಇನ್ನೊಂದು ಸಲ ಕೇಳಬೇಕು.

"ಭಾನುವಾರ ನುಡಿಸ್ತೀನಪ್ಪ. ಬೆರಳು ಸ್ವಲ್ಪ ಪಳಗಲಿ," ಎಂದಿದ್ದಳು ಮಗಳು.

"ಭಾನುವಾರದ ತನಕ ಇರ್ತೀನಿ ಬಿಡು. ಆಮೇಲಿಂದು ನನ್ನ ಕೈಲಿಲ್ಲ," ಎಂದಿದ್ದರು ಅಪ್ಪ.

ಸೋಮವಾರ ಬೆಳಿಗ್ಗೆ ದಾಖಲೆರಾಯರು ಹೊಸ ಕಡತವೊಂದಕ್ಕೆ ದಾರ ಕಟ್ಟಿ, ಮಾವನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡರು.

"ಮಾವ, ಈ ಪೆಟ್ಟಿಗೆ ನಿಮಗೆ ಎಲ್ಲಿಂದ ಬಂತು?"

"ಕದ್ದೆ."

"ತಮಾಷೆ ಬೇಡ ಮಾವ."

"ಸಾಯೋನು ಯಾಕಪ್ಪ ತಮಾಷೆ ಮಾಡ್ಲಿ? ಟ್ರಾಮ್ ಡಿಪೋದ ಬ್ಯಾಂಡಿನವರ ಕೋಣೆಯಿಂದ ಕದ್ದೆ. ಬರ್ಕೊಳ್ಳಿ ಅಳಿಯಂದ್ರೆ."

ಅಳಿಯಂದಿರು ಬರೆದುಕೊಳ್ಳಲಿಲ್ಲ. ಹೊರಗೆ ಬಂದು ಹೆಂಡತಿಗೆ, "ನಿಮ್ಮಪ್ಪನಿಗೆ ಬುದ್ಧಿ ಸ್ವಲ್ಪ ಆಚೀಚೆ ಆಗಿದೆ. ಅಲ್ಲದೆ ಬಾಯಿಮಾತು ದಾಖಲೆಯಲ್ಲ," ಎಂದರು. ಸ್ಕ್ರೂಡ್ರೈವರ್ ಹುಡುಕಿದರು.

"ರೀ, ಅದನ್ನ ಬಿಚ್ಚಬೇಡಿ."

"ರಿಪೇರಿ ಮಾಡೋರು ಒಳಗಡೆ ಪೆನ್ಸಿಲ್ಲಲ್ಲಿ ಒಡೆಯನ ವಿವರ, ತಾರೀಕು ಬರೆದಿರ್ತಾರಂತೆ. ಅಂದ್ರೆ ಇದು ಪೆಟ್ಟಿಗೆ ಅಲ್ಲ ಕಣೇ, ಕಡತ. ಕಡತ ಬಿಚ್ಚೋದು ನನಗೆ ಹೇಳ್ಕೊಡ್ತೀಯಾ?"

ಬಿಚ್ಚಿದರು. ಮುಚ್ಚಳದ ಒಳಮೈಯಲ್ಲಿ ನಿಜವಾಗಿಯೂ ಮಾಸಿದ ಪೆನ್ಸಿಲ್ ಬರಹವಿತ್ತು: ಟ್ರಾಮ್ ಡಿಪೋ ಬ್ಯಾಂಡ್, ಮೇಷ್ಟ್ರ ಸ್ವಂತದ್ದು. ಮಾವ ಹೇಳಿದ ಡಿಪೋವೇ ಅಲ್ಲಿ ಕೂತು ಕಣ್ಣು ಹೊಡೆಯುತ್ತಿತ್ತು. ರಾಯರಿಗೆ ಹೊಳೆದದ್ದೇ ಬೇರೆ: ಬ್ಯಾಂಡಿನ ಮೇಷ್ಟ್ರು ಮೆಚ್ಚಿ ಮಾವನಿಗೆ ಉಡುಗೊರೆ ಕೊಟ್ಟಿದ್ದಾರೆ, ಮುದುಕರು ಸಂಕೋಚಕ್ಕೆ ಕದ್ದೆ ಅನ್ನುತ್ತಿದ್ದಾರೆ!

ಅಲ್ಲಿಗೇ ಮುಚ್ಚಿದ್ದರೆ ಮನೆ ಉಳಿಯುತ್ತಿತ್ತು. ಆದರೆ ಮುಚ್ಚಳದ ಕೆಳಗೆ ಧ್ವನಿ ಹೊರಡಿಸುವ ಹಿತ್ತಾಳೆ ರೀಡುಗಳು ಕಾಣಿಸಿದವು. ಒಂದೊಂದೂ ತನ್ನದೇ ಗೂಡಿನಲ್ಲಿ, ಬೆನ್ನ ಮೇಲೆ ಸಣ್ಣ ಅಂಕಿ ಹೊತ್ತು ಕೂತಿತ್ತು. ಅಂಕಿ ಕಂಡ ಮೇಲೆ ರಾಯರಿಗೆ ತಡೆಯಲಾದೀತೇ? ಎಲ್ಲವನ್ನೂ ಕಿತ್ತು ಮೇಜಿನ ಮೇಲೆ ಹರಡಿದರು. ನಲವತ್ತರ ಪಕ್ಕ ಏಳು, ಏಳರ ಪಕ್ಕ ಐವತ್ತೆರಡು, ಉದ್ದದ್ದರ ಮಗ್ಗುಲಲ್ಲಿ ಗಿಡ್ಡದ್ದು. ಅವರ ಕಣ್ಣು ಒದ್ದೆಯಾಯಿತು. ಪಾಪ, ಎಷ್ಟು ವರ್ಷದಿಂದ ಈ ಅವ್ಯವಸ್ಥೆಯಲ್ಲಿ ಬಿದ್ದಿದ್ದಾವೋ!

ಇಪ್ಪತ್ತಾರು ವರ್ಷದ ಅನುಭವವನ್ನೆಲ್ಲ ಧಾರೆಯೆರೆದು, ರೀಡುಗಳನ್ನು ಒಂದರಿಂದ ಕೊನೆಯವರೆಗೆ ಅನುಕ್ರಮವಾಗಿ ಜೋಡಿಸಿದರು. ಗೂಡಿನಲ್ಲಿ ಸಡಿಲವಾದದ್ದಕ್ಕೆ ಕಾಗದದ ಚೂರು ತುರುಕಿದರು. ಹಿಡಿಸದಿದ್ದದ್ದರ ಅಂಚನ್ನು ಅರದಿಂದ ಉಜ್ಜಿದರು. ಪೆಟ್ಟಿಗೆ ಮುಚ್ಚಿ, "ಪರಿಶೀಲನೆಯಲ್ಲಿದೆ, ಮುಟ್ಟಬಾರದು" ಎಂಬ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ನಾನು ಅಭ್ಯಾಸ ಮಾಡೋದು ಯಾವಾಗ?" ಎಂದಳು ಹೆಂಡತಿ.

"ಪರಿಶೀಲನೆ ಮುಗೀಲಿ."

ಆಕೆ ಬಿಸ್ಕತ್ತಿನ ಖಾಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು, ಅದರ ಎರಡು ಪಕ್ಕಕ್ಕೂ ಬೆರಳು ಒತ್ತುತ್ತ ನಾಲ್ಕು ದಿನ ಹಾಡು ನೆನಪು ಮಾಡಿಕೊಂಡಳು. ಡಬ್ಬ ಟಕಟಕ ಎನ್ನುತ್ತಿತ್ತು. ಒಳಗಿಂದ ಅಪ್ಪ, "ಎರಡನೇ ಸಾಲು ತಡ ಆಯ್ತು ಮಗಳೇ," ಎನ್ನುತ್ತಿದ್ದರು. ಅಷ್ಟು ಮಾತಿಗೇ ಅವರಿಗೆ ಕೆಮ್ಮು ಬರುತ್ತಿತ್ತು.

ರಾಯರು ರಜೆ ಹಾಕಿ ಡಿಪೋಗೆ ಹೋದರು. ಅಲ್ಲಿನ ಹಲಗೆಯ ಮೇಲೆ ಪ್ರಕಟಣೆ ಹಚ್ಚಿಸಿದರು: ಬ್ಯಾಂಡ್ ಮೇಷ್ಟ್ರ ದೊಡ್ಡ ಕನ್ಸರ್ಟಿನಾ ಬಗ್ಗೆ ಬಲ್ಲವರು ಈ ವಿಳಾಸಕ್ಕೆ ದಯಮಾಡಿಸಬೇಕು.

ಭಾನುವಾರ ದಯಮಾಡಿಸಿದರು. ಕೋಲೂರಿಕೊಂಡು ಬಂದ ಮುದುಕಿಯೊಬ್ಬರು, ಕೈಚೀಲದಲ್ಲಿ ಹಳೇ ಫೋಟೋ.

"ನಾನು ಮೇಷ್ಟ್ರ ಮಗಳು," ಎಂದರು. "ಇದು ನಮ್ಮಪ್ಪ. ತೊಡೆ ಮೇಲಿರೋದು ಪೆಟ್ಟಿಗೆ. ನಲವತ್ತೆಂಟು ವರ್ಷದ ಹಿಂದೆ ಕಳುವಾಯ್ತು. ಅಪ್ಪ ಖಾಲಿ ಕಪಾಟು ನೋಡ್ತಾ ನೋಡ್ತಾ ಹನ್ನೊಂದೇ ದಿನಕ್ಕೆ ಹೋಗ್ಬಿಟ್ರು."

ದಾಖಲೆರಾಯರಿಗೆ ದಾಖಲೆ ಸಿಕ್ಕಿತ್ತು, ಫೋಟೋ ಸಮೇತ.

ಒಳಗಿಂದ ಮಾವನ ಧ್ವನಿ ಬಂತು. "ಒಳಗೆ ಕರೀರಿ. ಕದ್ದೋನು ಇಲ್ಲಿದ್ದೀನಿ."

ಮುದುಕಿ ಹಾಸಿಗೆಯ ಪಕ್ಕ ನಿಂತರು. ಬೈಯಲೆಂದೇ ಬಂದವರು. ಮಲಗಿದ್ದವರ ಎದೆಯ ಗೂಡು ಹೊದಿಕೆಯ ಮೇಲೂ ಎದ್ದು ಕಾಣುತ್ತಿತ್ತು.

"ಯಾಕೆ ಕದ್ರಿ?"

"ಕಿಟಕಿಯಾಚೆ ನಿಂತು ಕೇಳಿದ್ದೆ, ತಾಯಿ. ಬಿಟ್ಟಿರೋಕಾಗ್ಲಿಲ್ಲ. ಹಿಂದಕ್ಕೆ ಕೊಡೋಣ ಅಂತ ಹೋದೆ. ಅಷ್ಟೊತ್ತಿಗೆ ನಿಮ್ಮ ಮನೆ ಮುಂದೆ ಜನ ಸೇರಿದ್ರು."

ಮುದುಕಿ ಕುರ್ಚಿಯಲ್ಲಿ ಕೂತರು. "ಅಪ್ಪ ನುಡಿಸ್ತಿದ್ದ ಪೆಟ್ಟಿಗೆ. ಒಂದು ಸಲ ಕೇಳಿಸಿ. ಕೇಳಿ ತಗೊಂಡು ಹೋಗ್ತೀನಿ."

ರಾಯರು ಬೀರುವಿನ ಬೀಗ ತೆಗೆದರು; ಹೆಂಡತಿ ತಿದಿಪೆಟ್ಟಿಗೆಯನ್ನು ಹೊರತಂದು ತೊಡೆಯ ಮೇಲೆ ಕೂರಿಸಿಕೊಂಡಳು. ಎರಡೂ ಮುದಿಜೀವಗಳು ಕಣ್ಣು ಮುಚ್ಚಿದವು. ಆಕೆ ಎಳೆದಳು.

ಗಂಟಲಿಗೆ ಎಲುಬು ಸಿಕ್ಕಿದ ಆಡೊಂದು ಮೆಟ್ಟಿಲಿಂದ ಉರುಳಿತು. ಒತ್ತಿದಾಗ ಅದೇ ಆಡು ಹಿಂಬಾಗಿಲಿಂದ ಮತ್ತೆ ಮೇಲೆ ಹತ್ತಿತು. ನಡುವೆ ಅಳಿಯನ ಕಾಗದದ ಚೂರುಗಳು ಪರ್ ಪರ್ ಎಂದವು. ಅರ ಮುಟ್ಟಿದ ರೀಡುಗಳು ಮಾತೇ ಆಡಲಿಲ್ಲ. ಆಕೆಯ ಬೆರಳುಗಳು ಮಾತ್ರ ಒಂದೂ ತಪ್ಪದೆ, ಡಬ್ಬದ ಮೇಲೆ ಕಲಿತಂತೆಯೇ, ಹಾಡನ್ನು ಕೊನೆಯವರೆಗೂ ಒತ್ತಿದವು.

ಮುದುಕಿ ಕಣ್ಣು ತೆರೆದರು. ಫೋಟೋ ನೋಡಿದರು, ಪೆಟ್ಟಿಗೆ ನೋಡಿದರು.

"ಪೆಟ್ಟಿಗೆ ಅದೇ. ಧ್ವನಿ ಅದಲ್ಲ," ಎಂದು ಕೋಲು ಹಿಡಿದು ಎದ್ದರು. "ಹೆಣ ಹೊತ್ಕೊಂಡು ಹೋಗಿ ನಾನೇನು ಮಾಡ್ಲಿ? ಇಟ್ಕೊಳ್ಳಿ."

ಅವರು ಹೋದ ಮೇಲೆ ಮಾವ ಅಳಿಯನ ಕಡೆ ತಿರುಗಿದರು. "ಬರ್ಕೊಳ್ಳಿ ಅಳಿಯಂದ್ರೆ. ನಾನು ಕದ್ದೆ, ಅಷ್ಟೇ. ಕೊಂದದ್ದು ನೀವು."

ಮಗಳು ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಹಾಸಿಗೆಯಂಚಿಗೆ ಕೂತು ಹಾಡನ್ನು ಬಾಯಲ್ಲೇ ಗುನುಗಿದಳು. ಹೊದಿಕೆಯ ಮೇಲೆ ಅಪ್ಪನ ಬೆರಳುಗಳು ಇಲ್ಲದ ಗುಂಡಿಗಳನ್ನು ಒತ್ತಿದವು. ಎರಡನೇ ಸಾಲಿಗೆ ಅವಳು ತಡ ಮಾಡಲಿಲ್ಲ. ಬುಧವಾರ ಅವರು ಹೋದರು.

ಎಲ್ಲ ಮುಗಿದ ಮೇಲೆ ದಾಖಲೆರಾಯರು ಕಡತ ಮುಗಿಸಲು ಕೂತರು. ಇಪ್ಪತ್ತಾರು ವರ್ಷದ ರೂಢಿ, ಕೈ ತಾನಾಗಿ ಬರೆಯಿತು: "ವಾದ್ಯವು ಸುಸ್ಥಿತಿಯಲ್ಲಿಲ್ಲ. ಕಾರಣ: ತಿಳಿದುಬಂದಿಲ್ಲ."

ಹೆಂಡತಿ ಹಿಂದಿನಿಂದ ಬಂದು ಓದಿದಳು. ಅವರ ಕೈಯಿಂದ ಪೆನ್ನು ತೆಗೆದುಕೊಂಡು ಕೊನೆಯ ಮಾತನ್ನು ಹೊಡೆದುಹಾಕಿ, ಅದರ ಮೇಲೆ ಮೂರೇ ಅಕ್ಷರ ಬರೆದಳು: "ಅಳಿಯ."

"ಈಗ ಬಾಯಿಮಾತಲ್ಲ," ಎಂದು ಪೆನ್ನು ವಾಪಸು ಕೊಟ್ಟಳು. "ಸಹಿ ಹಾಕಿ."

ಹಾಕಿದರು.