ಅತ್ತೆಯ ಸಾವಿನ ಕೌದಿ

ಸಾವಿನ ಮನೆಗೆ ಹೋಗಿ "ಎಷ್ಟು ಚಂದ ಅದ!" ಎಂದು ಉದ್ಗರಿಸಿಯೂ ಪೆಟ್ಟು ತಿನ್ನದೆ ಮರಳುವವರು ನಮ್ಮ ಸೀಮೆಯಲ್ಲಿ ಒಬ್ಬರೇ. ಅವರು ನನ್ನ ಸೋದರತ್ತೆ, ಅಪ್ಪನ ಅಕ್ಕ, ಸುರಪುರದವರು! ಹಳೆಯದು, ಮುರಿದದ್ದು, ಸತ್ತದ್ದು ಕಂಡರೆ ಅವರ ಮುಖ ಅರಳುತ್ತದೆ. ಹೊಸ ಸೀರೆ ಕೊಟ್ಟು ನೋಡಿ, "ಇರ್ಲಿ, ಹರದ ಮ್ಯಾಲ ಚಂದ ಕಾಣತದ" ಎನ್ನುತ್ತಾರೆ.

ಕಕ್ಕೇರಾದಲ್ಲಿ ನಮ್ಮ ಬಂಧುವೊಬ್ಬರು ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಹೂವಿನಿಂದ ಸಿಂಗರಿಸಿದ, ವಿಮಾನವೆಂಬ ಚಟ್ಟದಲ್ಲಿ ಒಯ್ಯುತ್ತಾರೆ. ಎಲ್ಲರೂ ಗೋಳಾಡುತ್ತಿದ್ದರೆ ಅತ್ತೆ ಅದಕ್ಕೊಂದು ಸುತ್ತು ಹಾಕಿ, "ಎಡಕಿನ ಬಾಳಿದಿಂಡು ವಾರಿ ಆಗಿ ಬಾಗ್ಯಾದಲ್ರೋ! ಹೂವಿನ ಸರ ಹಿಂಗ ಯಾರರ ಕಟ್ತಾರೇನು?" ಎಂದು ತಾವೇ ಬಿಚ್ಚಿ ಕಟ್ಟಿದರು. ಹಿಂದೆ ಸರಿದು ಕಣ್ತುಂಬ ನೋಡಿ ಸತ್ತವರ ಹೆಂಡತಿಗೆ ಹೇಳಿದರು: "ನೋಡ್ರಿ ಅಕ್ಕಾರ, ಮದಿವಿ ದಿನಾನೂ ಇವರಿಗೆ ಇಷ್ಟು ಕಳಾ ಇರಲಿಲ್ಲ!"

ನಾನು ಬಾಗಿಲ ಕಡೆ ನೋಡಿದೆ, ಓಡಲು. ಆ ಮುದುಕಿಯೋ, "ಹೌದವ್ವಾ, ಅವತ್ತು ಮಾರಿ ಗಂಟು ಹಾಕ್ಕೊಂಡು ಕುಂತಿದ್ರು" ಎಂದು ಅಳುತ್ತಲೇ ನಕ್ಕುಬಿಟ್ಟಳು!

ಇಂಥ ಅತ್ತೆ ಸುಮ್ಮನೆ ಸಾಯುತ್ತಾರೆಯೇ? ತಮ್ಮ ವಿಮಾನದಲ್ಲಿ ಹಾಸಲೆಂದು ತಾವೇ ಒಂದು ಕೌದಿ ಹೊಲಿಯತೊಡಗಿದರು. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ತೊಟ್ಟಿಲ ಬಟ್ಟೆ, ಎಲ್ಲ ಅದರೊಳಗೆ. ಮನೆಗೆ ಬಂದವರು "ಯಾರ ಕೂಸಿಗ್ರಿ?" ಎಂದು ಕೇಳಿದರೆ, "ನನಗ್ರಿ, ಸತ್ತ ಮ್ಯಾಲ" ಎನ್ನುವರು. ಬಂದವರ ಚಹಾ ಗಂಟಲಲ್ಲೇ ನಿಲ್ಲುವುದು!

ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿದರೆ ಕೌದಿ ಮುಗಿದಂತೆ. ಕೌದಿಯೂ ಹಸಿದಿರಬಾರದಲ್ಲ! ಅತ್ತೆಗೆ ಆ ಮೂಲೆಯೊಂದೇ ಬಾಕಿ. ಅದಕ್ಕೆ ತಕ್ಕ ಬಳ್ಳಿಯ ಚಿತ್ತಾರ ಸಿಗಬೇಕೆಂಬ ಹಟ. ಗೋಗಿಯ ಕಡೆ ಗುಡ್ಡದ ಬುಡದ ಮಾಸ್ತಿಗಲ್ಲಿನ ಮೇಲೆ ಅಂಥದ್ದಿದೆ ಎಂದು ಯಾರೋ ಹೇಳಿದರು. ಮುಗಿಯಿತು! ಶಹಾಪುರದಲ್ಲಿ ಆಟೋ ಹತ್ತಿದೆವು; ಕೌದಿ ನನ್ನ ಹೆಗಲ ಮೇಲೆ.

ಗಂಡನ ಚಿತೆಯೇರಿದವಳ ಕಲ್ಲು ಅದು. ಬಳ್ಳಿಯ ಚಿತ್ತಾರದ ನಡುವೆ ಬಳೆ ತೊಟ್ಟ ಒಂದು ಕೈ ಮೇಲೆದ್ದು ನಿಂತಿತ್ತು. ಅತ್ತೆ ಬೆರಳಾಡಿಸಿ, "ಬಳಿ ಎಷ್ಟು ಚಂದ ಕೆತ್ಯಾರ! ಈಕಿ ಕೈ ಎತ್ತಿದ್ದು ಬ್ಯಾಡ ಅನ್ನಾಕೋ ಏನೋ, ಯಾರು ಕೇಳ್ಯಾರ?" ಎಂದರು. ಹೂವು ತಂದಿಲ್ಲವೆಂದು, ಚೀಲದಲ್ಲಿದ್ದ ತೆಂಗಿನ ನಾರು ಹೊತ್ತಿಸಿ ಅವಳಿಗೆ ಲೋಬಾನದ ಧೂಪ ಹಾಕಿದರು. ಹೊಗೆ ಮೇಲೇರಿತು. ಮೇಲಿನ ಬಂಡೆಯ ಹೊಟ್ಟೆಗೆ ಹೆಜ್ಜೇನು ಕಟ್ಟಿದ್ದನ್ನು ಇಬ್ಬರೂ ನೋಡಿರಲಿಲ್ಲ!

ಈಗಲೂ ಎಲ್ಲಾದರೂ ಪಂಪ್‌ಸೆಟ್ ಶುರುವಾದರೆ ನಾನು ತಲೆ ಮುಚ್ಚಿಕೊಳ್ಳುತ್ತೇನೆ. ಅದೇ ಸದ್ದು! ಬಿ.ಎಸ್ಸಿ. ಓದಿದ ನನ್ನ ತಲೆಗೆ ಹೊಳೆದದ್ದು ಓಡುವುದೊಂದೇ. ಅತ್ತೆ ನನ್ನ ಜಡೆ ಹಿಡಿದೆಳೆದು ಕೆಡವಿ, ಕೌದಿಯನ್ನು ಇಬ್ಬರ ಮೇಲೂ ಹೊದಿಸಿ, "ಅಲಗಾಡಬ್ಯಾಡ!" ಎಂದರು. ಮೇಲೆ ಆಲಿಕಲ್ಲು ಬಿದ್ದಂತೆ ಟಪಟಪ. ಹೊಲಿಯದ ಆ ಮೂಲೆ ನನ್ನ ಕುತ್ತಿಗೆಯ ಬಳಿ ಬಾಯಿ ಬಿಟ್ಟಿತ್ತು. ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದು ಮುಚ್ಚಿದರು. ಮುಷ್ಟಿ ಹೊರಗೇ ಉಳಿಯಿತು.

"ಬಿಸಲಿಗೆ ನೋಡು, ನಿಮ್ಮಜ್ಜಿ ಸೀರಿ ಬಣ್ಣ ಹೆಂಗ ಹೊಳ್ಯಾಕತ್ಯಾದ!"

"ಅತ್ತಿ, ಸಾಯಾಕತ್ತೀವಿ!"

"ಸಾಯೂಮುಂದ ಚಂದಾಗಿದ್ದದ್ದು ನೋಡಬಾರದು ಅಂತ ಯಾರು ಹೇಳ್ಯಾರ?"

ಸದ್ದು ಇಳಿದ ಮೇಲೆ ಕೌದಿಯೊಳಗೇ ಆಮೆಯಂತೆ ತೆವಳಿ ಹತ್ತಿ ಹೊಲ ಸೇರಿದೆವು. ದವಾಖಾನೆ ಮುಟ್ಟುವಷ್ಟರಲ್ಲಿ ಅತ್ತೆಯ ಕೈ ಊದಿ ಸೋರೆಕಾಯಿಯಾಗಿತ್ತು. ಡಾಕ್ಟರು ಮುಳ್ಳು ಕೀಳುತ್ತಿದ್ದರೆ, ಕೌದಿಗೆ ಅಂಟಿದ್ದ ಸತ್ತ ಜೇನೊಂದನ್ನು ಬೆಳಕಿಗೆ ಹಿಡಿದು, "ರೆಕ್ಕಿ ನೋಡ್ರಿ ಸರ, ನಮ್ಮ ಸುರಪುರದ ಹಳೇ ಚಿತ್ರಪಟದಾಗಿನ ಬಂಗಾರದ ರೇಕು ಇದ್ದಂಗ ಅವ!" ಎಂದರು.

ಬಾವು ಇಳಿದ ಮೇಲೆ ಅತ್ತೆ ನಮ್ಮ ಮನೆಗೆ ಬಂದು ರೊಟ್ಟಿಯ ಚೂರು ಕೇಳಿದರು. ಕೌದಿ ಮುಗಿಸಿ ಸಾಯಲು ಹೊರಟರೇ ಎಂದುಕೊಳ್ಳುತ್ತಲೇ ಮುರಿದುಕೊಟ್ಟೆ. ಅದನ್ನು ಮೂಲೆಯೊಳಗಿಟ್ಟು ಹೊಲಿದು, ದಾರ ಹಲ್ಲಲ್ಲಿ ಕಡಿದು, ಕೌದಿಯನ್ನು ನನ್ನ ತೊಡೆಯ ಮೇಲೆ ಹಾಕಿದರು.

"ತಗೋ. ಜೀವಾ ಕಾಯ್ದದ್ದನ್ನ ಹೆಣಕ್ಕ ಹಾಸಬಾರದು."

"ಮತ್ತ ನಿನಗ, ಅತ್ತಿ?"

"ಇನ್ನೊಂದು ಹೊಲಿತೀನಿ. ಅದು ಮುಗಿಯೂತನಕ ನಾ ಎಲ್ಲಿ ಸಾಯ್ತೀನಿ?"

ಹೊಸ ಕೌದಿಗೆ ಬಟ್ಟೆ ಕತ್ತರಿಸಿ ಕೊಡುವ ಕೆಲಸ ಈಗ ನನ್ನದು. ಹೆಬ್ಬೆರಳ ಉಗುರಿನಷ್ಟೇ ತುಂಡುಗಳು.

"ಇಷ್ಟು ಸಣ್ಣು ಯಾಕ ಕತ್ತರಸಾಕತ್ತೀ, ಹುಚ್ಚಿ? ಇದು ಮುಗಿಯೂದು ಯಾವಾಗ?" ಎಂದು ಅತ್ತೆ ಬೈಯುತ್ತಾರೆ.

"ಸಣ್ಣು ಇದ್ರ ಚಂದ ಕಾಣತದ, ಅತ್ತಿ" ಎನ್ನುತ್ತೇನೆ.