ಉದರೋದ್ಧಾರ ಆ್ಯಪಿನ ಬಾಣಂತಿ

"ಇನ್ನು ಹದಿನೆಂಟೇ ದಿನ! ಅಷ್ಟರೊಳಗೆ ನಮ್ಮ ಬಿಂದು ಹೊಟ್ಟೆಗೆ ಮೊದಲಿನ ಕಸುವು ಬರಲಿಲ್ಲ ಅಂದ್ರೆ ನನ್ನ ಹೆಸರು ಷಡಕ್ಷರಪ್ಪನೇ ಅಲ್ಲ!"

ನಮ್ಮ ಯಜಮಾನರು ಹೀಗೆ ಘೋಷಿಸಿದಾಗ ನಾನು ನಡುಮನೆಯಲ್ಲಿ ಕೂತು ಬಾಣಂತಿಯ ಅನ್ನಕ್ಕೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಈ ಹೆಸರಿನ ಪಣ ನನಗೆ ಹೊಸದಲ್ಲ. ದೋಸೆ ಮಗುಚುವ ಯಂತ್ರ ಮಾಡಿದಾಗ ಒಮ್ಮೆ, ಹಲ್ಲಿ ಓಡಿಸುವ ಗಡಿಯಾರ ಮಾಡಿದಾಗ ಒಮ್ಮೆ, ಹೀಗೆ ಹನ್ನೊಂದು ಸಲ ಅವರು ತಮ್ಮ ಹೆಸರನ್ನು ಪಣಕ್ಕಿಟ್ಟಿದ್ದಾರೆ. ದೋಸೆ ಇವತ್ತಿಗೂ ಸೂರಿಗೆ ಅಂಟಿಕೊಂಡಿದೆ. ನ್ಯಾಯವಾಗಿ ನೋಡಿದರೆ ನಮ್ಮವರಿಗೆ ಈಗ ಹೆಸರೇ ಇರಬಾರದು.

ಅವರ ಕೈಯಲ್ಲಿ ಒಂದು ಅಗಲವಾದ ಪಟ್ಟಿ ನೇತಾಡುತ್ತಿತ್ತು. ಗುಜರಿಯಿಂದ ತಂದ ಕಾರಿನ ಸೀಟ್ ಬೆಲ್ಟು, ಬಿ.ಪಿ. ನೋಡುವ ರಬ್ಬರ್ ಚೀಲ, ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪು, ಇಷ್ಟನ್ನೂ ಸೇರಿಸಿ ಹೊಲಿದಿದ್ದರು. ಅದು ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ, ಸ್ನಾಯು ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಅಳೆದು ಮೊಬೈಲಿಗೆ ಕಳಿಸುತ್ತದಂತೆ. ಮೊಬೈಲಿನಲ್ಲಿರುವ ಆ್ಯಪು ಅದನ್ನು ನೋಡಿ ಮುಂದಿನ ವ್ಯಾಯಾಮ ಹೇಳುತ್ತದಂತೆ. ಅದಕ್ಕೆ ಇಟ್ಟ ಹೆಸರು 'ಉದರೋದ್ಧಾರ'.

ತಮಾಷೆ ಮಾಡುತ್ತೇನೆಂದು ನನಗೆ ಮಗಳ ಮೇಲೆ ಕಾಳಜಿ ಇಲ್ಲ ಅಂದುಕೊಳ್ಳಬೇಡಿ. ಬಿಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಅವಳ ನಗು ಎಂದರೆ ತುಮಕೂರಿನ ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಬೇಕು. ಸಿಜೇರಿಯನ್ ಆಗಿ ಇಪ್ಪತ್ತನಾಲ್ಕು ದಿನವಾಗಿತ್ತು, ಆ ನಗು ನಾನು ಕೇಳಿರಲಿಲ್ಲ. ನಕ್ಕರೆ ಹೊಲಿಗೆಯ ಜಾಗ ಎಳೆದು ನೋಯುತ್ತದೆ ಎಂದು ತುಟಿ ಕಚ್ಚಿಕೊಳ್ಳುತ್ತಿದ್ದಳು. ಕೆಮ್ಮು ಬಂದರೂ ದಿಂಬು ಅವುಚಿಕೊಳ್ಳುವಳು. ಡಾಕ್ಟರಮ್ಮ ಗಾಯ ಚೆನ್ನಾಗಿ ಮಾಗಿದೆ ಎಂದು ಹೇಳಿ, ಉಸಿರಾಟದ್ದು, ಹೊಟ್ಟೆ ಮೆಲ್ಲಗೆ ಒಳಗೆಳೆಯುವುದು, ಹೀಗೆ ಸಣ್ಣ ವ್ಯಾಯಾಮಗಳ ಒಂದು ಹಾಳೆ ಕೊಟ್ಟು, ಆರು ವಾರಕ್ಕೆ ಮತ್ತೆ ತಪಾಸಣೆಗೆ ಬನ್ನಿ ಎಂದಿದ್ದರು. ಅವಳು ಆ ಹಾಳೆಯನ್ನು ಮುಟ್ಟಿರಲಿಲ್ಲ.

"ಭಯ ಆಗುತ್ತಮ್ಮ," ಅಂದಿದ್ದಳು ಒಂದು ದಿನ. "ಈ ಹೊಟ್ಟೆ ನಂದೇ ಅಲ್ಲ ಅನ್ಸುತ್ತೆ."

ಊರ ಮಕ್ಕಳಿಗೆಲ್ಲ ಓಡು, ಹಾರು ಎಂದು ಸೀಟಿ ಊದುವ ಹುಡುಗಿ ಹಾಗೆ ಹೇಳಿದಾಗ ನನಗೆ ಅಡುಗೆಮನೆಗೆ ಹೋಗಿ ಅತ್ತುಬಿಡುವಂತಾಗಿತ್ತು. ಅದನ್ನೇ ಅವಳಪ್ಪನೂ ಕೇಳಿಸಿಕೊಂಡಿದ್ದರು. ನಾನು ಅತ್ತೆ, ಅವರು ಗುಜರಿ ಅಂಗಡಿಗೆ ಹೋದರು.

"ಬಾರಮ್ಮ ಬಿಂದು, ಉದ್ಘಾಟನೆ!" ಎಂದು ನಮ್ಮವರು ಕರೆದರು. ಬಿಂದು ಸೊಂಟದ ಸುತ್ತ ಬೆಲ್ಟನ್ನು ಸಡಿಲವಾಗಿ ಕಟ್ಟಿಕೊಂಡು ಚಾಪೆಯ ಮೇಲೆ ಮಲಗಿದಳು. ಪಕ್ಕದಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ನಮ್ಮವರು ಮೊಬೈಲು ಒತ್ತಿದರು.

"ರೋಲ್ ನಂಬರ್ ಒಂದು! ಹಾಜರಿದ್ದೀಯಾ? ಹೊಟ್ಟೇ... ಒಳಕ್ಕೆ!"

ಅಯ್ಯೋ ದೇವರೇ! ಅದು ನಮ್ಮವರದೇ ಧ್ವನಿ! ಐ.ಟಿ.ಐ.ನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಹುಡುಗರಿಗೆ ಪಾಠ ಮಾಡಿದ ಅದೇ ಗಂಟಲನ್ನು ಆ್ಯಪಿಗೆ ತುಂಬಿಬಿಟ್ಟಿದ್ದರು. ಕೂಸು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು.

"ಯಾವನೋ ಅದು ಹಿಂದಿನ ಬೆಂಚಲ್ಲಿ? ಎದ್ದು ನಿಂತ್ಕೋ!" ಎಂದಿತು ಆ್ಯಪು.

ಇಪ್ಪತ್ತನಾಲ್ಕು ದಿನದ ಕೂಸಿಗೆ ಎದ್ದು ನಿಲ್ಲು ಎನ್ನುವ ಯಂತ್ರ! ಬಿಂದುವಿಗೆ ನಗು ಉಕ್ಕಿತು. ಉಕ್ಕಿದ್ದೇ ತಡ ಮುಖ ಕಿವುಚಿಕೊಂಡು, "ಅಮ್ಮಾ, ದಿಂಬು!" ಎಂದು ಚೀರಿದಳು. ನಾನು ದಿಂಬು ಕೊಟ್ಟೆ. ಕಣ್ಣಲ್ಲಿ ನೀರು ತುಂಬಿಕೊಂಡು, "ಅಪ್ಪ, ದಯವಿಟ್ಟು ನನ್ನ ನಗಿಸ್ಬೇಡಿ," ಅಂದಳು.

"ನಾನೆಲ್ಲಮ್ಮ ನಗಿಸ್ದೆ? ಸೀರಿಯಸ್ಸಾಗಿ ಪಾಠ ಮಾಡ್ತಿದೀನಿ!" ಎಂದರು ನಮ್ಮವರು.

ಬಿಂದುವನ್ನು ಮಲಗಿಸಿ ಬಂದು ನಾನು ಸೆರಗು ಸಿಕ್ಕಿಸಿದೆ. "ರೀ, ನಾನು ಬಾಣಂತನ ಮಾಡ್ತಿರೋದು ಸಾಲ್ದು ಅಂತ ಇದು ಬೇರೆ! ಇದಕ್ಕೆ ಏನ್ರೀ ಗೊತ್ತು? ಫ್ಯಾನ್ ಹಾಕ್ಬಾರ್ದು ಅಂತ ಗೊತ್ತಾ? ಕಿವಿಗೆ ಹತ್ತಿ ಇಡ್ಬೇಕು ಅಂತ ಗೊತ್ತಾ?"

ನಮ್ಮವರು ತಲೆ ಕೆರೆದುಕೊಂಡರು. ಜಗಳ ಆಡಿದರೆ ಮಧ್ಯಾಹ್ನದ ಕಾಫಿ ಬರುವುದಿಲ್ಲ ಎಂದು ಅವರಿಗೆ ಅನುಭವ ಇದೆ. "ಸರಿ ಕಣೇ ಮಂಗಳಾ, ನಿನ್ನ ಪಥ್ಯನೂ ಆ್ಯಪಿಗೆ ಸೇರಿಸ್ತೀನಿ. ಹೇಳು, ಬರ್ಕೋತೀನಿ."

ಆ ಗೌರವಕ್ಕೆ ನಾನು ಕರಗಿದೆ, ಸುಳ್ಳೇಕೆ ಹೇಳಲಿ! ಒಂದು ಗಂಟೆ ಕೂತು ಹೇಳಿದೆ. ತಣ್ಣೀರು ಕುಡಿಯಬಾರದು, ಟಿ.ವಿ. ನೋಡಬಾರದು, ಮೊಸರು, ಆಲೂಗಡ್ಡೆ ಮುಟ್ಟಬಾರದು, ಜೋರಾಗಿ ಮಾತಾಡಬಾರದು, ಗಂಡಸರು ಹೊತ್ತು ಗೊತ್ತಿಲ್ಲದೆ ಬಾಣಂತಿ ಕೋಣೆಗೆ ನುಗ್ಗಬಾರದು. ಅವರು ಮನೆಯ ಸ್ವಿಚ್ಚುಗಳಿಗೆಲ್ಲ ಒಂದೊಂದು ಡಬ್ಬಿ ಹಾಕಿ, ಫ್ರಿಜ್ಜಿಗೆ ಅಯಸ್ಕಾಂತದ ಚಿಲಕವನ್ನೂ ಜೋಡಿಸಿದರು. ಬೆಲ್ಟು ಯಾವ ಕೋಣೆಯಲ್ಲಿದೆಯೋ ಆ ಕೋಣೆಯಲ್ಲಿ ನನ್ನ ಪಥ್ಯ ತಾನಾಗಿಯೇ ಜಾರಿಗೆ ಬರುತ್ತದಂತೆ.

ಮಾರನೆಯ ದಿನವೇ ಫಜೀತಿ ಶುರುವಾಯಿತು. ದಿನಕ್ಕೆ ಮೂರು ಪಾಠ. ಒಂದು ತಪ್ಪಿದರೂ ಆ್ಯಪು ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಸಂದೇಶ ಕಳಿಸುವಂತೆ ನಮ್ಮವರು ಏರ್ಪಾಟು ಮಾಡಿದ್ದರು. ರಾತ್ರಿಯೆಲ್ಲ ಕೂಸು ಎಬ್ಬಿಸಿ ಎಬ್ಬಿಸಿ, ಬಿಂದು ಬೆಳಿಗ್ಗೆ ಒಂಬತ್ತಕ್ಕೆ ಕಣ್ಣು ಮುಚ್ಚಿದ್ದಳು ಅಷ್ಟೇ. 'ಬಿಂದುಶ್ರೀ, ಗೈರುಹಾಜರು' ಎಂದು ಊರೂರಿಗೆ ಸುದ್ದಿ ಹೋಯಿತು. ಅರಸೀಕೆರೆಯಿಂದ ನಮ್ಮವರ ಅಕ್ಕ ಫೋನು ಮಾಡಿ, "ಬಾಣಂತಿ ಎಲ್ಲಿಗೆ ಹೋದ್ಲೇ ಮಂಗಳಾ? ಮಗುನ ಬಿಟ್ಟು ಹೋದ್ಲಾ?" ಎಂದು ಗಾಬರಿಯಾದರು.

ಮಗಳನ್ನು ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ನಮ್ಮವರು ಹೊರಗೆ ಸ್ಕೂಟರ್ ಶೆಡ್ಡಿನಲ್ಲಿ ಕೂತು ಮೊಬೈಲಿನಲ್ಲಿ ಹಾಜರಿ ಮಾತ್ರ ನೋಡುತ್ತಿದ್ದರು. ನನ್ನ ನಿಯಮಕ್ಕೆ ತಲೆಬಾಗಿ ಪಾಠದ ಹೊತ್ತಿನಲ್ಲಿ ಒಳಗೆ ಬರುವಂತಿರಲಿಲ್ಲ. ಮೆಲ್ಲಗೆ ಬೆಲ್ಟನ್ನು ಅಡುಗೆಮನೆಗೆ ಒಯ್ದು ನಾನೇ ಕಟ್ಟಿಕೊಂಡೆ.

ಹೌದು, ಪ್ರಾಕ್ಸಿ ಹಾಕಿದೆ! ಹುಡುಗರು ಇನ್ನೊಬ್ಬನ ಬದಲು 'ಎಸ್ ಸಾರ್' ಎಂದರೆ ಬೋರ್ಡಿನ ಕಡೆ ತಿರುಗಿಕೊಂಡೇ ಹಿಡಿಯುತ್ತಿದ್ದೆ ಎಂದು ಮೂವತ್ತೊಂದು ವರ್ಷ ಜಂಬ ಕೊಚ್ಚಿದವರ ಮನೆಯಲ್ಲೇ!

ಅಡುಗೆಮನೆಯಲ್ಲಿ ಫ್ಯಾನೂ ಇಲ್ಲ, ಟಿ.ವಿ.ಯೂ ಇಲ್ಲ, ಹಾಗಾಗಿ ಪಥ್ಯದ ಕಾಟ ತಟ್ಟಲಿಲ್ಲ. ಆದರೆ ಆ್ಯಪು ಒಂದು ಗಳಿಗೆ ಯೋಚಿಸಿ ಬೆಲ್ಟಿನ ಸ್ಪೀಕರಿನಲ್ಲಿ ಹೇಳಿತು: "ನಿನ್ನೆ ಮೂವತ್ತಾರು ಇಂಚು. ಇವತ್ತು ನಲವತ್ನಾಲ್ಕು. ಒಳಗೆ ಇನ್ನೊಂದು ಮಗು ಉಳಿದಿರುವ ಸಂಭವ ಶೇಕಡಾ ಎಂಬತ್ತು!"

ಐವತ್ತೆಂಟು ವರ್ಷದ ನನಗೆ! ಬೆಲ್ಟನ್ನು ಒಲೆಗೆ ಹಾಕಬೇಕೆನಿಸಿತು. ಆದರೆ ಒಳಗೆ ಮಗಳು ಗೊರಕೆ ಹೊಡೆಯುವುದು ಕೇಳಿಸಿತು, ಸುಮ್ಮನೆ ಹೊಟ್ಟೆ ಒಳಗೆಳೆದುಕೊಂಡೆ.

ನಾಲ್ಕನೆಯ ದಿನ ಬೀಗಿತ್ತಿ ದಾಕ್ಷಾಯಣಮ್ಮ ಶಿರಾ ಗೇಟಿನಿಂದ ಮೊಮ್ಮಗಳನ್ನು ನೋಡಲು ಬಂದರು. ನಾನು ಬೆಲ್ಟು ಕಟ್ಟಿಕೊಂಡು ಒಗ್ಗರಣೆ ಹಾಕುತ್ತಿದ್ದಾಗಲೇ ಸಿಕ್ಕಿಬಿದ್ದೆ. ತಮ್ಮ ಸೊಸೆಯ ವ್ಯಾಯಾಮವನ್ನು ನಾನು ಮಾಡುತ್ತಿದ್ದೇನೆಂದು ಊರಿಗೆಲ್ಲ ಹೇಳಿಯಾರೆಂದು ಸೆರಗಿನಿಂದ ಬೆಲ್ಟು ಮುಚ್ಚಿಕೊಂಡೆ. ಅವರೋ ಪಟ್ಟಿಯನ್ನು ಮುಟ್ಟಿ ನೋಡಿ, "ಗಾಳಿ ತುಂಬುತ್ತಾ ಬೀಗ್ರೇ? ನಂಗೂ ಸೊಂಟ ನೋವು. ಒಂದ್ಸಲ ಕೊಡಿ," ಅಂದರು. ಅವತ್ತಿನಿಂದ ಮಧ್ಯಾಹ್ನದ ಪಾಠ ಅವರದು. ದಿನಾ ಎರಡೂವರೆ ಬಸ್ಸಿಗೆ ಬಂದು ಇಳಿಯುವರು. ನಲವತ್ತಾರು ಇಂಚು. ಭಾನುವಾರ ಬರುವ ಅಳಿಯ ನಟರಾಜನಿಗೂ ಒಂದು ಪಾಳಿ ಕೊಟ್ಟೆವು. ಅವನು ಸಣಕಲ, ಮೂವತ್ತೊಂದು.

ಒಂದು ದಿನ ಬಿಂದುವಿನ ಕೋಣೆಗೆ ಇಣುಕಿದೆ. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ನೋಡಿಯೂ ನೋಡದವಳಂತಿದ್ದೆ. ಅವಳು ಮಂಡಿ ಮಡಚಿ ಮಲಗಿ, ಡಾಕ್ಟರಮ್ಮನ ಹಾಳೆಯನ್ನು ಗೋಡೆಗೆ ಒರಗಿಸಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು ಒಂದೊಂದೇ ಉಸಿರು ಬಿಡುತ್ತಿದ್ದಳು. ಪಕ್ಕದಲ್ಲಿ ಕೂಸು ಕಾಲಾಡಿಸುತ್ತಿತ್ತು. ಯಾರೂ ಅವಳನ್ನು ರೋಲ್ ನಂಬರ್ ಎಂದು ಕರೆಯುತ್ತಿರಲಿಲ್ಲ. ನಾನು ಸದ್ದಿಲ್ಲದೆ ಬಾಗಿಲು ಎಳೆದುಕೊಂಡೆ. ಅವಳಪ್ಪನಿಗೆ ಹೇಳಲಿಲ್ಲ, ಹೇಳಿದ್ದರೆ ಅದಕ್ಕೂ ಒಂದು ಯಂತ್ರ ಮಾಡುತ್ತಿದ್ದರು.

ಡಾಕ್ಟರಮ್ಮನ ಹತ್ತಿರ ಆರು ವಾರದ ತಪಾಸಣೆಗೆ ಹೋಗುವ ಹಿಂದಿನ ದಿನ ಬಂತು. ಮಧ್ಯಾಹ್ನ ಮೂರಕ್ಕೆ ಕ್ರಿಕೆಟ್ ಪಂದ್ಯವಿತ್ತು. ನಮ್ಮವರು ಟಿ.ವಿ. ಮುಂದೆ ಕೂತು, ಡಾಕ್ಟರಮ್ಮನಿಗೆ ತೋರಿಸಲು ಆ್ಯಪಿನ ಗ್ರಾಫ್ ತೆಗೆದರು. ತೆಗೆದವರು ಹೌಹಾರಿದರು.

"ಮಂಗಳಾ! ಏನೇ ಇದು? ಬೆಳಿಗ್ಗೆ ನಲವತ್ನಾಲ್ಕು, ಮಧ್ಯಾಹ್ನ ನಲವತ್ತಾರು, ಭಾನುವಾರ ಮೂವತ್ತೊಂದು! ಮನುಷ್ಯರ ಹೊಟ್ಟೆನಾ ಇದು?"

"ಬಾಣಂತಿ ಹೊಟ್ಟೆ ಹಾಗೇರೀ, ಹಿಗ್ಗುತ್ತೆ, ಕುಗ್ಗುತ್ತೆ," ಎಂದೆ ಬಾಯಿಗೆ ಬಂದದ್ದು.

ಪ್ರಾಕ್ಸಿ ಹಿಡಿಯುವ ಮಹಾಶಯರಿಗೆ ಮನೆಯವರ ಮೇಲೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ಯಂತ್ರದ ಮೇಲೆ. "ಸೆನ್ಸರ್ ಕೆಟ್ಟಿದೆ. ನಾನೇ ಕಟ್ಕೊಂಡು ನೋಡ್ತೀನಿ," ಎಂದು ಬೆಲ್ಟನ್ನು ನನ್ನಿಂದ ತರಿಸಿ ತಮ್ಮ ಹೊಟ್ಟೆಗೆ ಬಿಗಿದರು. ಕೊಂಡಿ ಟಕ್ ಎಂದಿತು. ಪಂಪು ಗುರ್ ಎಂದಿತು. ಆ್ಯಪು ಇಷ್ಟು ದಿನದ ಎಲ್ಲ ಹೊಟ್ಟೆಗಳನ್ನೂ ಕೂಡಿ ಭಾಗಿಸಿ ಸರಾಸರಿ ತೆಗೆಯಿತು. ನಲವತ್ತೆರಡು ಇಂಚು. ನಮ್ಮವರ ಹೊಟ್ಟೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅಷ್ಟೇ!

"ನಿಜವಾದ ಬಾಣಂತಿ ಪತ್ತೆಯಾಗಿದ್ದಾರೆ!" ಎಂದು ಆ್ಯಪು ಗುಡುಗಿತು. "ಹದಿನೇಳು ದಿನ ಪ್ರಾಕ್ಸಿ ಹಾಕಿಸ್ತೀಯಾ? ನನ್ನ ಹತ್ರನೇ? ಮೂವತ್ತೊಂದು ವರ್ಷ ಸರ್ವೀಸು ನಂದು! ಬಾಕಿ ಪಾಠ ಐವತ್ತೊಂದು. ಮುಗಿಯೋವರೆಗೂ ಬೆಲ್ಟು ಬಿಚ್ಚಲ್ಲ!"

ಫ್ಯಾನು ನಿಂತಿತು. ಟಾಸಿಗೆ ಮೇಲೆ ಹಾರಿದ ನಾಣ್ಯ ಕೆಳಗೆ ಬೀಳುವ ಮೊದಲೇ ಟಿ.ವಿ. ಆರಿತು. ಫ್ರಿಜ್ಜಿನ ಚಿಲಕ ಬಿತ್ತು. ಬಾಣಂತಿಯ ಸ್ನಾನಕ್ಕೆಂದು ಬಚ್ಚಲಲ್ಲಿ ನೀರು ಕುದಿಯತೊಡಗಿತು.

"ಲೇ ಮಂಗಳಾ, ಬಿಚ್ಚೇ ಇದನ್ನ!"

"ಬಾಣಂತಿ ಕೂಗಾಡಬಾರದು," ಎಂದಿತು ಆ್ಯಪು. "ಕಿವಿಗೆ ಹತ್ತಿ ಇಟ್ಟುಕೊಳ್ಳಿ."

ನನ್ನದೇ ನಿಯಮ! ನಾನು ಎದ್ದು ಹೋಗಿ ಹತ್ತಿ ತಂದೆ. "ಕತ್ತರಿ ತರ್ಲಾ?" ಎಂದು ಕೇಳಿದ್ದಕ್ಕೆ, "ಕತ್ತರಿಸ್ಬೇಡ್ವೇ! ಎಂಥಾ ಪೀಸು ಗೊತ್ತಾ ಇದು?" ಎಂದು ಬೆಲ್ಟನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು.

ಅಷ್ಟರಲ್ಲಿ ಫೋನು. ನೆಂಟರ ಗುಂಪಿಗೆ 'ಷಡಕ್ಷರಪ್ಪ, ಬಾಣಂತಿ, ಹಾಜರು' ಎಂದು ಸುದ್ದಿ ಹೋಗಿತ್ತು. ಅರಸೀಕೆರೆ ಅಕ್ಕ ತಮ್ಮನನ್ನೇ ನೇರವಾಗಿ ಕೇಳಿದರು: "ಯಾವಾಗ ಆಯ್ತೋ ತಮ್ಮ? ನಾರ್ಮಲ್ಲಾ, ಸಿಜೇರಿಯನ್ನಾ?"

ಅವರು ಫೋನು ಇಡುವಷ್ಟರಲ್ಲಿ ದಾಕ್ಷಾಯಣಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದರು. "ಬೆಲ್ಟ್ ಎಲ್ಲಿ ಬೀಗ್ರೇ? ನನ್ನ ಪಾಳಿ ಟೈಮಾಯ್ತು."

"ನಿಮ್ಮ ಪಾಳಿನಾ?" ನಮ್ಮವರು ಹತ್ತಿ ಇಟ್ಟ ಕಿವಿಯನ್ನು ಮುಟ್ಟಿಕೊಂಡು ನನ್ನ ಕಡೆ ನೋಡಿದರು. ನಾನು ಸೂರಿನ ದೋಸೆಯ ಕಡೆ ನೋಡಿದೆ.

ಗಲಾಟೆಗೆ ಬಿಂದು ಕೂಸನ್ನು ಹೆಗಲಿಗೆ ಹಾಕಿಕೊಂಡು ಕೋಣೆಯಿಂದ ಬಂದಳು. ಅಪ್ಪ ಚಾಪೆಯ ಮೇಲೆ ಮಂಡಿ ಮಡಚಿ ಮಲಗಿದ್ದರು. ಕಿವಿಗೆ ಹತ್ತಿ. ಬೆವರು ಇಳಿಯುತ್ತಿತ್ತು. "ರೋಲ್ ನಂಬರ್ ಒಂದು, ಹೊಟ್ಟೇ... ಒಳಕ್ಕೆ!" ಎಂದು ಅವರದೇ ಗಂಟಲು ಅವರನ್ನೇ ಗದರುತ್ತಿತ್ತು. ಅವರೂ ಪಾಪ, ಹೆದರಿ ಒಳಗೆಳೆದುಕೊಳ್ಳುತ್ತಿದ್ದರು.

ಬಿಂದು ನಕ್ಕಳು. ಮೊದಲು ಕಿಸಕ್ಕೆಂದು, ಆಮೇಲೆ ಬಾಯ್ತುಂಬ, ಆಮೇಲೆ ಗೋಡೆ ಹಿಡಿದುಕೊಂಡು. ನಾನು ದಿಂಬು ತೆಗೆದುಕೊಂಡು ಓಡಿದೆ. ಅವಳು ದಿಂಬನ್ನು ತಳ್ಳಿ ನಗುತ್ತಲೇ ಇದ್ದಳು. ಎದುರುಮನೆಯವರು ಕಿಟಕಿ ತೆರೆದರು.

ಇದ್ದಕ್ಕಿದ್ದಂತೆ ನಿಲ್ಲಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ನಾನು ಮತ್ತೆ ದಿಂಬು ಚಾಚಿದೆ.

"ಅಮ್ಮ," ಅಂದಳು. "ನೋವಾಗ್ಲಿಲ್ಲ."

ನಾನು ಅಲ್ಲೇ ಕೂತುಬಿಟ್ಟೆ. ಕಣ್ಣೀರು ಬಂತು, ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಚಾಪೆಯ ಮೇಲಿಂದ ನಮ್ಮವರು ತಲೆಯೆತ್ತಿ, "ಇನ್ನೊಂದ್ಸಲ ನಗಮ್ಮ, ಕಿವೀಲಿ ಹತ್ತಿ ಇತ್ತು, ಸರಿಯಾಗಿ ಕೇಳಿಸ್ಲಿಲ್ಲ," ಎಂದರು.

"ಬಾಣಂತಿ ಮಾತಾಡಬಾರದು, ವಾಯು ಸೇರುತ್ತೆ!" ಎಂದಿತು ಆ್ಯಪು. ಬಿಂದು ಇನ್ನೊಂದು ಸಲ ನಕ್ಕಳು.

ಆಮೇಲೆ ಕೂಸನ್ನು ದಾಕ್ಷಾಯಣಮ್ಮನ ಕೈಗೆ ಕೊಟ್ಟು, ಬೀರುವಿನಿಂದ ತನ್ನ ಸೀಟಿ ತಂದು ಕೊರಳಿಗೆ ಹಾಕಿಕೊಂಡಳು. ಐವತ್ತೊಂದು ಪಾಠವನ್ನೂ ಅಪ್ಪನಿಂದ ಮಾಡಿಸಿದಳು. ಕೊಂಡಿ ಬಿಚ್ಚಿಕೊಳ್ಳುವ ಹೊತ್ತಿಗೆ ಪಂದ್ಯ ಮುಗಿದು, ಯಾರು ಗೆದ್ದರೆಂದು ಪಕ್ಕದ ಮನೆಯವರು ಹೇಳಬೇಕಾಯಿತು.

ಮಾರನೆಯ ದಿನ ಡಾಕ್ಟರಮ್ಮ ಬಿಂದುವಿನ ಹೊಟ್ಟೆ ಒತ್ತಿ ನೋಡಿ, "ಚೆನ್ನಾಗಿ ಸುಧಾರಿಸಿದೆ. ಹೀಗೇ ನಿಧಾನವಾಗಿ ಮುಂದುವರಿಸಿ. ಯಾವುದಾದ್ರೂ ಆ್ಯಪ್ ನೋಡ್ಕೊಂಡು ಮಾಡಿದ್ರಾ?" ಎಂದು ಕೇಳಿದರು.

"ನೀವು ಕೊಟ್ಟ ಹಾಳೆ ನೋಡ್ಕೊಂಡು ಮಾಡ್ದೆ ಮೇಡಂ," ಎಂದಳು ಬಿಂದು. "ಆ್ಯಪಿಂದಾನೂ ಉಪಕಾರ ಆಯ್ತು. ಅದು ಅಡುಗೆಮನೇಲಿತ್ತು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಮ್ಮವರು ಮಾತ್ರ ಹೊರಗೆ ಬಂದ ಮೇಲೆ, "ಕೇಳಿದ್ಯಾ? ಉಪಕಾರ ಆಯ್ತಂತೆ!" ಎಂದು ಎದೆಯುಬ್ಬಿಸಿದರು.

ಮನೆಗೆ ಬಂದು ಕೂತರು, ಫ್ಯಾನು ನಿಂತಿತು. ಬೆಲ್ಟು ಬಿಚ್ಚಿದರೂ ಆ್ಯಪಿನ ಪ್ರಕಾರ ಈಗ ಬಾಣಂತಿ ಅವರೇ, ಬಾಣಂತನ ನಲವತ್ತು ದಿನ. ಅಳಿಸಿಹಾಕಿ ಎಂದರೆ, "ನಾನು ಮಾಡಿದ್ದರಲ್ಲಿ ಸರಿಯಾಗಿ ಕೆಲಸ ಮಾಡ್ತಿರೋ ಮೊದಲನೇ ಯಂತ್ರ ಕಣೇ ಇದು, ಅಳಿಸೋದಾ?" ಎನ್ನುತ್ತಾರೆ.

ಬಿಂದುವಿನ ಬಾಣಂತನ ಮುಗಿಯಿತು. ನಮ್ಮವರದು ಇನ್ನೂ ಮೂವತ್ತೊಂಬತ್ತು ದಿನ ಇದೆ, ನಾನು ಮತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದೇನೆ.